ಡಿಸೆಂಬರಿನ ಮರಿ

ಅರಸೀಕೆರೆಯಿಂದ ಹೊರಟ ನಮ್ಮ ಬಸ್ಸು ಹಾರನಹಳ್ಳಿ ಸ್ಟಾಪಿನಲ್ಲಿ ನಿಂತಿದ್ದಾಗ ಪಕ್ಕಕ್ಕೊಂದು ಟೆಂಪೊ ಬಂದು ನಿಂತಿತು. ಅದರ ತುಂಬ ಆಗತಾನೇ ಕೊಯ್ದ ಕುದುರೆ ಮಸಾಲೆ ಸೊಪ್ಪು. ಈಗ ಅದನ್ನು ಸೀಮೆಹಸುಗಳಿಗೆ ಹಾಕುತ್ತಾರೆ, ಹೆಸರಿನಲ್ಲಿ ಮಾತ್ರ ಕುದುರೆ ಉಳಿದುಕೊಂಡಿದೆ. ಕಿಟಕಿಯಿಂದ ಆ ಹಸಿ ವಾಸನೆ ಒಳಗೆ ನುಗ್ಗಿದ್ದೇ ತಡ, ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಮಗಳು ಚೈತ್ರ, "ಏನಮ್ಮಾ, ತಲೆ ಸುತ್ತುತ್ತಾ?" ಎಂದು ನೀರಿನ ಬಾಟಲಿ ಮುಂದೆ ಹಿಡಿದಳು. ಹಾಸನದಲ್ಲಿ ನರ್ಸ್ ಅವಳು. ಯಾರ ಮುಖ ಸ್ವಲ್ಪ ಬಾಡಿದರೂ ಅವಳಿಗೆ ಬಿ.ಪಿ.ಯೇ ಕಾಣುವುದು. "ತಲೆ ಸುತ್ತಲಿಲ್ಲ ಕಣೇ, ನಿಮ್ಮ ತಾತ ನೆನಪಾದರು" ಎಂದೆ.

ಅವಳು ಹುಟ್ಟಿದ ಚಳಿಗಾಲವನ್ನು ನಾನು ಆ ವಾಸನೆಯಲ್ಲೇ ಕಳೆದವಳು. ಹಾರನಹಳ್ಳಿಯಿಂದ ಒಳಕ್ಕೆ, ಮಣ್ಣುರಸ್ತೆಯ ಕೊನೆಯಲ್ಲಿ, ರೇಸಿನ ಕುದುರೆಗಳನ್ನು ಹುಟ್ಟಿಸಿ ಬೆಳೆಸುವ ಒಂದು ಫಾರಂ ಇತ್ತು. ನಮ್ಮಪ್ಪ ರಂಗಪ್ಪ ಅಲ್ಲಿ ಲಾಯದ ಮೇಸ್ತ್ರಿ. ನಾನು ಚೊಚ್ಚಲ ಬಸುರಿ, ಅರಸೀಕೆರೆಯ ಗಂಡನ ಮನೆಯಿಂದ ಹೆರಿಗೆಗೆಂದು ತವರಿಗೆ ಬಂದಿದ್ದೆ. ತವರೆಂದರೆ ಫಾರಂ ಒಳಗಿನ ಎರಡು ಕೋಣೆಯ ಕ್ವಾರ್ಟರ್ಸು. ಅದರ ಹಿಂಬಾಗಿಲು ತೆಗೆದರೆ ಲಾಯ. ಆ ವರ್ಷ ಲಾಯದಲ್ಲಿ ಗೌರಿ, ಲಕ್ಷ್ಮಿ ಎಂಬ ಎರಡು ಹೆಣ್ಣು ಕುದುರೆಗಳೂ ಗಬ್ಬವಾಗಿದ್ದವು. ದಾಖಲೆಯಲ್ಲಿ ಅವಕ್ಕೆ ನಾಲಿಗೆ ತಿರುಗದ ಇಂಗ್ಲಿಷ್ ಹೆಸರುಗಳಿದ್ದವಂತೆ, ನಮಗೆ ಗೌರಿ ಗೌರಿಯೇ. "ಈ ಸಲ ಮೂರು ಬಾಣಂತನ ನನ್ನ ಕೊರಳಿಗೆ ಬಿತ್ತು" ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಬೆಳಿಗ್ಗೆ ಎದ್ದರೆ ಹಂಡೆಯಲ್ಲಿ ಕುದುರೆಗಳಿಗೆ ಹುರುಳಿ ಬೇಯುತ್ತಿತ್ತು. ನನಗೊಂದು ಬಟ್ಟಲು ಹುರುಳಿಕಟ್ಟಿನ ಸಾರು ಮಾಡಿಕೊಡೆಂದರೆ, "ಬಸುರೀಗೆ ಉಷ್ಣ, ಸುಮ್ಕಿರು" ಎಂದು ಗದರುತ್ತಿದ್ದಳು. "ಗೌರಿ ಬಸುರಿ ಅಲ್ವೇನವ್ವ?" ಎಂದರೆ, "ಅವಳು ನಿನ್ನಂಗೆ ಎದೆ ಉರಿ ಅಂತ ಎದ್ದು ಕೂರಲ್ಲ" ಎನ್ನುತ್ತಿದ್ದಳು.

ಫಾರಮ್ಮಿನ ಒಡತಿಯನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು. ಬಿಕ್ಕೋಡಿನ ಕಡೆ ಕಾಫಿ ತೋಟ ಇದ್ದ ಮನೆತನ. ಗಂಡ ತೀರಿಕೊಂಡ ಮೇಲೆ ತೋಟವನ್ನು ಮೈದುನರಿಗೆ ಬಿಟ್ಟು, ಈ ಕುದುರೆಗಳನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡಿದ್ದರು. ಊದಿದ ಕಾಲು ಇಟ್ಟುಕೊಂಡು ನಾನು ಬೇರೆ ಏನೂ ಮಾಡಲಾರೆನೆಂದು ಅವರಿಗೆ ಗೊತ್ತಿತ್ತು. ಸಂಜೆ ಬಂಗಲೆಯ ವರಾಂಡಕ್ಕೆ ಕರೆಸಿಕೊಂಡು ಕಥೆ ಹೇಳುತ್ತಿದ್ದರು. ಎಲ್ಲ ಕಥೆಯೂ ಒಂದೇ ಪಂದ್ಯದ್ದು. ಬೆಂಗಳೂರಿನಲ್ಲಿ ಎಳೆ ಕುದುರೆಗಳಿಗೆಂದೇ ವರ್ಷಕ್ಕೊಂದು ಸಲ ದೊಡ್ಡ ರೇಸು ನಡೆಯುತ್ತಿತ್ತು. ಅದಕ್ಕೆ ಹೆಸರೇನೇ ಇರಲಿ, ಫಾರಮ್ಮಿನಲ್ಲಿ ಬರೀ 'ಕಪ್' ಎಂದರೆ ಸಾಕಿತ್ತು. ಕುದುರೆ ಎಷ್ಟೇ ದೊಡ್ಡ ಓಟಗಾರನಾಗಲಿ, ಗೊತ್ತುಮಾಡಿದ ಒಂದೇ ವಯಸ್ಸಿನವಕ್ಕೆ ಮಾತ್ರ ಅಲ್ಲಿ ಪ್ರವೇಶ. ಆ ವರ್ಷ ತಪ್ಪಿದರೆ ಮುಗಿಯಿತು, ಬಾಳಿನಲ್ಲಿ ಇನ್ನೊಂದು ಸಲ ಇಲ್ಲ.

ಬಿಳಿಯರು ಶುರು ಮಾಡಿದ ಪಂದ್ಯವಂತೆ ಅದು. ಮೊದಮೊದಲು ಹಡಗಿನಲ್ಲಿ ಬಂದ ಕುದುರೆಗಳೇ ಗೆಲ್ಲುತ್ತಿದ್ದವು. ನಮ್ಮ ನೆಲದಲ್ಲಿ ಹುಟ್ಟಿದ ಮರಿ ಮೊಟ್ಟಮೊದಲು ಗೆದ್ದ ದಿನ ಅಮ್ಮಾವ್ರ ಮಾವ ತಮ್ಮ ಟೋಪಿಯನ್ನು ಗಾಳಿಗೆ ಎಸೆದು, ಅದು ತಿರುಗಿ ಸಿಗದೆ ಬರಿತಲೆಯಲ್ಲಿ ಊರಿಗೆ ಬಂದಿದ್ದರಂತೆ. ಒಂದು ವರ್ಷ ಗೆದ್ದ ಹೆಣ್ಣು ಕುದುರೆಗೆ ಒಂದು ಮೇಕೆ ಜೊತೆ. ಮೇಕೆ ಕಣ್ಣಿಗೆ ಕಾಣದಿದ್ದರೆ ಅದು ಹೆಜ್ಜೆ ಎತ್ತುತ್ತಿರಲಿಲ್ಲ. ಅದಕ್ಕೇ ರೇಸಿನ ದಿನ ಮೇಕೆಯನ್ನೂ ಲಾರಿಗೆ ಹತ್ತಿಸಿಕೊಂಡು ಹೋಗಿದ್ದರು. ಇನ್ನೊಂದು ವರ್ಷ ಮಳೆ ಹುಯ್ದು ಮೈದಾನವೆಲ್ಲ ಕೆಸರಾಗಿ, ಯಾರೂ ಲೆಕ್ಕಕ್ಕಿಡದ ಒಂದು ಮರಿ ಗೆದ್ದು, ಗೆದ್ದ ತಿಂಗಳೊಳಗೆ ಕೆಮ್ಮು ಬಂದು ಸತ್ತಿತು. ಇಷ್ಟೆಲ್ಲ ವರ್ಷಗಳಲ್ಲಿ ನಮ್ಮ ಫಾರಮ್ಮಿನ ಮರಿ ಒಂದೂ ಆ ಕಪ್ ಮುಟ್ಟಿರಲಿಲ್ಲ.

"ಗೆದ್ದವೆಲ್ಲ ಜನವರಿ ಮರಿಗಳು ಕಣೇ, ಸುಧಾ" ಎನ್ನುತ್ತಿದ್ದರು. ಅದರ ಅರ್ಥ ತಿಳಿಯಬೇಕಾದರೆ ರೇಸಿನವರ ಒಂದು ಪದ್ಧತಿ ಗೊತ್ತಿರಬೇಕು. ಈ ಜಾತಿಯ ಕುದುರೆ ಯಾವ ತಿಂಗಳಲ್ಲಾದರೂ ಹುಟ್ಟಲಿ, ಜನವರಿ ಒಂದನೇ ತಾರೀಕಿಗೆ ಎಲ್ಲಕ್ಕೂ ಒಟ್ಟಿಗೆ ಒಂದು ವರ್ಷ ತುಂಬಿತೆಂದು ಲೆಕ್ಕ. ಜನವರಿಯಲ್ಲಿ ಹುಟ್ಟಿದ ಮರಿಯೂ ಏಪ್ರಿಲಿನಲ್ಲಿ ಹುಟ್ಟಿದ ಮರಿಯೂ ಒಂದೇ ವಯಸ್ಸಿನವೆಂದು ಒಟ್ಟಿಗೆ ಓಡಬೇಕು. ಎಳೆತನದಲ್ಲಿ ಮೂರು ತಿಂಗಳೆಂದರೆ ಎಷ್ಟೊಂದು ಮೂಳೆ, ಎಷ್ಟೊಂದು ಉಸಿರು! ಆದ್ದರಿಂದ ಎಲ್ಲ ಫಾರಮ್ಮಿನವರಿಗೂ ಜನವರಿಯ ಮೊದಲ ವಾರದಲ್ಲೇ ಮರಿ ಬೇಕು. ಆದರೆ ಅವಸರಪಟ್ಟು ಡಿಸೆಂಬರಿನಲ್ಲಿ ಹುಟ್ಟಿದರೆ ಸರ್ವನಾಶ. ಡಿಸೆಂಬರಿನ ಕೊನೆಯ ದಿನ ಬಿದ್ದ ಮರಿಗೆ ಮಾರನೆಯ ಬೆಳಿಗ್ಗೆಯೇ ಒಂದು ವರ್ಷ! ಅದು ತನಗಿಂತ ಹೆಚ್ಚುಕಡಿಮೆ ವರ್ಷ ದೊಡ್ಡವರ ಜೊತೆ ಜೀವನವಿಡೀ ಓಡಬೇಕು.

ನನಗೆ ಇದನ್ನು ಕೇಳಿ ನಗು ಬಂದಿತ್ತು. ನಮ್ಮೂರಲ್ಲಿ ಅಪ್ಪನ ವಾರಗೆಯವರು ಮುಕ್ಕಾಲು ಮಂದಿ ಹುಟ್ಟಿದ್ದು ಜೂನ್ ಒಂದನೇ ತಾರೀಕು. ಹೆತ್ತವರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ, ಸ್ಕೂಲಿಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದದ್ದೇ ಹುಟ್ಟು. "ಹಾಗಾದ್ರೆ ಕುದುರೆಗಳೂ ನಮ್ಮೂರೋರ ಥರಾನೇ" ಎಂದು ನಾನು ನಕ್ಕೆ. ಮೆಟ್ಟಿಲ ಕೆಳಗೆ ನಿಂತಿದ್ದ ಅಪ್ಪ ಮಾತ್ರ ನಗಲಿಲ್ಲ.

ಅಪ್ಪ ನಗದಿದ್ದುದಕ್ಕೆ ಕಾರಣವಿತ್ತು. ಅಪ್ಪನನ್ನು ಸ್ಕೂಲಿಗೆ ಸೇರಿಸಿದಾಗ ಒಂದನೇ ಕ್ಲಾಸಿಗೆ ಮಕ್ಕಳು ಸಾಲದೆ, ಮೇಷ್ಟ್ರು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಅಪ್ಪನಿಗೆ ಎರಡು ವರ್ಷ ಸೇರಿಸಿ ಬರೆದುಕೊಂಡಿದ್ದರು. ಆಗ ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಅಪ್ಪ ಹರೆಯಕ್ಕೆ ಬಂದಾಗ, ಹಿಡಿಯಷ್ಟಿದ್ದ ಮೈ, ಕುದುರೆ ಮೇಲೆ ಕೂತರೆ ಅಂಟಿಕೊಂಡಂತೆ ಕೂರುವ ಗುಣ ನೋಡಿ ಅಮ್ಮಾವ್ರ ಗಂಡನೇ ಮೈಸೂರಿಗೆ ಜಾಕಿ ಕೆಲಸ ಕಲಿಯಲು ಕಳಿಸಿದ್ದರು. ಅಲ್ಲಿ ಸವಾರಿ ಮಾಡಿಸಿ ನೋಡಿ ಭೇಷ್ ಎಂದರಂತೆ. ಆಮೇಲೆ ಸ್ಕೂಲಿನ ಸರ್ಟಿಫಿಕೇಟು ನೋಡಿ, ವಯಸ್ಸು ಮೀರಿದೆ ಎಂದು ವಾಪಸು ಕಳಿಸಿದರು. ಬಸ್ಸಿನಲ್ಲಿ ಬಂದು ಇಳಿದ ಅಪ್ಪ, ಅಂದಿನಿಂದ ಬೇರೆಯವರು ಹತ್ತುವ ಕುದುರೆಗಳ ಮೈ ಉಜ್ಜುತ್ತ ಉಳಿದ. ಆ ಮೇಷ್ಟ್ರ ಹೆಸರು ಎತ್ತಿದರೆ ಊಟದ ತಟ್ಟೆಯ ಮುಂದಿನಿಂದಲೂ ಎದ್ದು ಹೋಗುತ್ತಿದ್ದ. ಅವನಿಗೆ ಉಳಿದಿದ್ದ ಆಸೆ ಒಂದೇ: ತಾನು ಕೈಯಾರೆ ಬೆಳೆಸಿದ ಮರಿಯೊಂದು ಆ ಕಪ್ ಗೆಲ್ಲಬೇಕು, ಅದರ ಹಗ್ಗ ಹಿಡಿದು ತಾನು ಆ ಮೈದಾನದಲ್ಲಿ ನಡೆಯಬೇಕು.

ಆ ಆಸೆಯೇ ಅವನ ಕಣ್ಣು ಕಟ್ಟಿತೋ ಏನೋ. ಗೌರಿ ಫಾರಮ್ಮಿನ ಅತಿ ಒಳ್ಳೆಯ ತಳಿ. ಆದರೆ ದಿನ ತುಂಬುವವರೆಗೆ ಕಾಯುವ ಅಭ್ಯಾಸ ಅವಳಿಗಿರಲಿಲ್ಲ. ಹಿಂದಿನ ಎರಡು ಮರಿಗಳನ್ನೂ ಹೇಳಿದ್ದಕ್ಕಿಂತ ಮುಂಚೆಯೇ ಹಾಕಿದ್ದಳು. ಅದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಚಳಿಗಾಲದಲ್ಲಿ ಅವಳ ಲಾಯದಲ್ಲಿ ಸಂಜೆಯಾದ ಮೇಲೂ ದೊಡ್ಡ ಬಲ್ಬು ಉರಿಸಿದ್ದ. ಬೆಳಕು ಹೆಚ್ಚು ಬಿದ್ದರೆ ಹೆಣ್ಣು ಕುದುರೆ ಬೇಸಿಗೆ ಬಂತೆಂದು ತಿಳಿದು ಬೇಗ ಬೆದೆಗೆ ಬರುತ್ತದೆ. ಬೇಗ ಗಂಡು ಕುದುರೆಯ ಜೊತೆ ಕೂಡಿಸಿದರೆ ಹನ್ನೊಂದು ತಿಂಗಳಿಗೆ ಸರಿಯಾಗಿ ಜನವರಿ. ಅಮ್ಮಾವ್ರು ಕೂಡ, "ಇನ್ನೊಂದೆರಡು ವಾರ ತಡೆಯೋಣ ರಂಗಪ್ಪ" ಎಂದಿದ್ದರಂತೆ. "ತಡೆದ್ರೆ ಬ್ಯಾರೆಯೋರ ಮರಿ ದೊಡ್ಡವಾಯ್ತವೆ ಅಮ್ಮಾವ್ರೆ" ಎಂದು ಒಪ್ಪಿಸಿದವನು ಅಪ್ಪನೇ.

ಆ ಡಿಸೆಂಬರ್ ಬಹಳ ಚಳಿ. ಬೆಳಿಗ್ಗೆ ಮಂಜಿನಲ್ಲಿ ಬೇಲಿ ಕಾಣುತ್ತಿರಲಿಲ್ಲ, ಕುದುರೆಗಳ ಉಸಿರು ಮಾತ್ರ ಹೊಗೆಯಾಗಿ ಕಾಣುತ್ತಿತ್ತು. ಸುತ್ತಲ ಹೊಲದವರು ರಾಗಿ ಕೊಯ್ದು ಮೆದೆ ಹಾಕುತ್ತಿದ್ದರು. ಮನೆಯಲ್ಲಿ ದಿನವೂ ಅವರೆಕಾಯಿ, ಬಿಡಿಸಿ ಬಿಡಿಸಿ ನನ್ನ ಉಗುರಿಗೆ ಅದರ ಸೊಗಡು ಹತ್ತಿಹೋಗಿತ್ತು. ತಿಂಗಳು ಮುಗಿಯುತ್ತ ಬಂದ ಹಾಗೆ ಅಪ್ಪನ ಊಟ ಕಡಿಮೆಯಾಯಿತು. ಒಂದು ಬೆಳಿಗ್ಗೆ ಗೌರಿಯ ಕೆಚ್ಚಲ ತೊಟ್ಟಿನಲ್ಲಿ ಮೇಣದಂಥ ಹನಿ ಕಟ್ಟಿದ್ದನ್ನು ನೋಡಿ ಬಂದ. ಅದು ಹೆರಿಗೆ ಹತ್ತಿರವಾದ ಗುರುತು. ಯಾರಿಗೂ ಹೇಳಲಿಲ್ಲ. ನಾನು ಹಿಂಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡೆ, ಅವಳ ಕತ್ತು ತಬ್ಬಿಕೊಂಡು ಹೇಳುತ್ತಿದ್ದ: "ಇನ್ನೊಂದೇ ಚೂರು ತಡ್ಕೊಳವ್ವ. ನಿನ್ ಕಾಲಿಗ್ ಬೀಳ್ತೀನಿ, ತಡ್ಕೊ."

ಅವಳು ತಡೆದುಕೊಂಡಳು, ಆದರೆ ಸಾಕಾಗುವಷ್ಟಲ್ಲ. ಡಿಸೆಂಬರಿನ ಕೊನೆಯ ದಿನ ಮಧ್ಯಾಹ್ನ, ಉಂಡ ಕೈ ಇನ್ನೂ ತೊಳೆದಿರಲಿಲ್ಲ, ಅವಳು ಹುಲ್ಲಿನ ಮೇಲೆ ಮಲಗಿಬಿಟ್ಟಳು. ಕುದುರೆಗಳು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಹೊತ್ತು ನೋಡಿ ಮರಿ ಹಾಕುತ್ತವೆ. ಇವಳಿಗೆ ಅದಕ್ಕೂ ಪುರುಸೊತ್ತಿರಲಿಲ್ಲ. ಬಸುರಿಯರು ನೋಡಬಾರದೆಂದು ಅವ್ವ ಕೂಗುತ್ತಿದ್ದರೂ ನಾನು ಅರ್ಧ ಬಾಗಿಲ ಮೇಲೆ ಕೈಯೂರಿ ನಿಂತೆ. ಬಿಳಿಯ ಪೊರೆಯೊಳಗೆ ಎರಡು ಪುಟ್ಟ ಗೊರಸು, ಆಮೇಲೆ ಮೂತಿ, ಆಮೇಲೆ ಒಮ್ಮೆಲೇ ಇಡೀ ಮೈ. ಕಂದು ಬಣ್ಣ, ಹಣೆಯಲ್ಲಿ ಉಗುರಿನಷ್ಟು ಬಿಳುಪು, ಹೆಣ್ಣು. ಅಪ್ಪ ಹುಲ್ಲಿನಿಂದ ಅದರ ಮೈ ಉಜ್ಜುತ್ತಿದ್ದಂತೆಯೇ ಅದು ಕಾಲುಗಳನ್ನು ನಾಲ್ಕು ದಿಕ್ಕಿಗೆ ಚಾಚಿ, ಬಿದ್ದು, ಎದ್ದು, ಮತ್ತೆ ಬಿದ್ದು, ನಾವು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಮೊದಲೇ ನಿಂತೇಬಿಟ್ಟಿತು. ಅಷ್ಟು ಚೆಂದದ ಮರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮೊದಲು ಬಾಯಿ ಬಿಟ್ಟವರು ಲಕ್ಷ್ಮಿಯನ್ನು ನೋಡಲೆಂದು ಅಂದು ಹಾಸನದಿಂದ ಬಂದಿದ್ದ ಕುದುರೆ ಡಾಕ್ಟರು. ಕೈ ತೊಳೆಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: "ಇಲ್ಲಿರೋರು ನಾವು ನಾಲ್ಕು ಜನ. ಒಂದು ರಾತ್ರಿ ಕಳೆದ್ರೆ ಜನವರಿ. ನಾನಂತೂ ನಾಳೆ ಬೆಳಿಗ್ಗೆ ಬಂದೆ ಅನ್ಕೋತೀನಿ." ಅಷ್ಟರಲ್ಲಿ ಅಮ್ಮಾವ್ರು ಶಾಲು ಹೊದ್ದು ಬಂದರು. ಮರಿಯನ್ನು ಬಹಳ ಹೊತ್ತು ನೋಡಿದರು. ಅವರ ಮಾವ, ಗಂಡ, ಅವರು, ಎಲ್ಲರೂ ಕಾದಿದ್ದ ಮರಿ ಅದೇ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, "ನೀನೇ ಹೇಳು ರಂಗಪ್ಪ. ಯಾವತ್ತು ಹುಟ್ಟಿದ್ದು ಅಂತ ಬರೆಯಲಿ? ನೀನು ಹೇಳಿದ ಹಾಗೆ" ಎಂದರು.

ಇದು ದೊಡ್ಡವರ ಜಾಣತನ. ತಾವು ಸುಳ್ಳನ್ನೂ ಹೇಳುವುದಿಲ್ಲ, ನಿಜವನ್ನೂ ಹೊರುವುದಿಲ್ಲ. ನನಗೆ ಈಗಲೂ ಆ ಹೆಂಗಸಿನ ಮೇಲೆ ಗೌರವವಿದೆ, ಆದರೆ ಆ ಪ್ರಶ್ನೆಯನ್ನು ಮಾತ್ರ ನಾನು ಕ್ಷಮಿಸಿಲ್ಲ. ಅಪ್ಪ ಒದ್ದೆ ಕೈಯಲ್ಲಿ ಮರಿಯ ಕಿವಿ ಸವರುತ್ತ ಕೂತಿದ್ದ. ಹೇಳಪ್ಪಾ, ನಾಳೆ ಅನ್ನು, ನಾಳೆ ಅನ್ನು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅಪ್ಪ ತಲೆ ಎತ್ತಲಿಲ್ಲ.

"ಇವತ್ತು ಹುಟ್ತು ಅಮ್ಮಾವ್ರೆ. ಬಿಸ್ಲು ಇನ್ನೂ ಐತೆ ನೋಡಿ" ಎಂದ.

ಅಮ್ಮಾವ್ರು ಹಾಗೆಯೇ ಬರೆಸಿದರು. ಅಂದು ಊಟಕ್ಕೆ ಕೂತಾಗ ನಾನು ಅಪ್ಪನ ಮೇಲೆ ಹರಿಹಾಯ್ದೆ. ಒಂದು ದಿನದಿಂದ ಯಾರ ಮನೆ ಮುಳುಗುತ್ತಿತ್ತು, ಯಾವ ದೇವರು ಬಂದು ಕೇಳುತ್ತಿದ್ದ ಎಂದೆ. ಅವ್ವ ಸುಮ್ಮನಿರೆಂದು ಕಣ್ಣು ಮಾಡಿದಳು. ಅಪ್ಪ ಮುದ್ದೆ ಮುರಿಯುತ್ತ, "ನಂಗೊಬ್ಬ ಬರೆದಿದ್ನಲ್ಲವ್ವ, ಇಲ್ಲದ್ ತಾರೀಕು. ನನ್ ಕೈಲಿ ಆ ಕೆಲ್ಸ ಆಗಕಿಲ್ಲ" ಎಂದ.

ಮಾರನೆಯ ಬೆಳಿಗ್ಗೆ ಅವ್ವ ಬೆಲ್ಲದ ತುಣುಕು ಹಿಡಿದು ಗೌರಿಯ ಬಳಿ ಹೋದಳು. "ನಿನ್ನೆ ಹುಟ್ದೋಳಿಗೆ ಇವತ್ತು ವರ್ಷ ತುಂಬ್ತು. ಹಲ್ಲೇ ಬಂದಿಲ್ಲ, ಆಗ್ಲೇ ಹುಟ್ಟುಹಬ್ಬ! ಏನ್ ಅವಸರವೇ ತಾಯಿ ನಿಂಗೆ" ಎಂದು ಬೆಲ್ಲವನ್ನು ತಾಯಿ ಕುದುರೆಗೆ ತಿನ್ನಿಸಿದಳು. ಹಾಗೆ ಮರಿಗೆ ಅವಸರಿ ಎಂಬ ಹೆಸರು ನಿಂತಿತು. ಒಂದು ವಾರ ಕಳೆದು ಲಕ್ಷ್ಮಿ ಗಂಡುಮರಿ ಹಾಕಿದಳು, ಅವನು ಗುಂಡ. ಅವನು ಸರಿಯಾದ ಜನವರಿ ಮರಿ. ಸಂಕ್ರಾಂತಿ ಕಳೆದು ನಾನೂ ಅರಸೀಕೆರೆಯ ಆಸ್ಪತ್ರೆಯಲ್ಲಿ ಚೈತ್ರಳನ್ನು ಹೆತ್ತು ಫಾರಮ್ಮಿಗೆ ಮರಳಿದೆ.

ಯುಗಾದಿಯವರೆಗಿನ ಆ ಬಾಣಂತನದ ದಿನಗಳು ಈಗಲೂ ಕಣ್ಣೆದುರಿಗಿವೆ. ಎಳೆಬಿಸಿಲಿಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀವುತ್ತಿದ್ದರೆ, ಬೇಲಿಯಾಚೆಯ ಬಯಲಿನಲ್ಲಿ ಎರಡು ಮರಿಗಳೂ ತಾಯಂದಿರನ್ನು ಬಿಟ್ಟು ಓಡುತ್ತಿದ್ದವು. ಆ ತುದಿಯ ಹುಣಸೆಮರದಿಂದ ಈ ತುದಿಯ ನೀರಿನ ತೊಟ್ಟಿಯವರೆಗೆ ಅವುಗಳದೇ ಒಂದು ಪಂದ್ಯ. ಗುಂಡ ಮೈಯಲ್ಲಿ ದೊಡ್ಡವನಾಗುತ್ತಿದ್ದ, ಪಾಪ, ಉಸಿರು ಬಿಗಿಹಿಡಿದು ಓಡುತ್ತಿದ್ದ. ಆದರೆ ಒಂದು ದಿನವೂ ಅವಳನ್ನು ದಾಟಲಿಲ್ಲ. ಅವಸರಿ ತೊಟ್ಟಿಯ ಹತ್ತಿರ ನಿಂತು ಅವನು ಬರಲೆಂದು ತಿರುಗಿ ನೋಡುತ್ತಿದ್ದಳು. ಫಾರಮ್ಮಿನ ಕೆಲಸದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಆ ಓಟ ನೋಡುತ್ತಿದ್ದರು. ಅಪ್ಪ ಮಾತ್ರ ಅದೇ ಹೊತ್ತಿಗೆ ಏನಾದರೊಂದು ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತಿದ್ದ. ನಾನು ಕರೆದರೆ, "ನೋಡಿವ್ನಿ ಬಿಡವ್ವ" ಎನ್ನುತ್ತಿದ್ದ.

ಅಮ್ಮಾವ್ರು ಪ್ರಯತ್ನ ಬಿಡಲಿಲ್ಲ. ಲೆಕ್ಕದ ಪ್ರಕಾರ ಅವಳ ವಯಸ್ಸಿನವರ ಕಪ್ ಹತ್ತಿರ ಬಂದಾಗ ಅವಸರಿಯನ್ನು ಮೈಸೂರಿಗೆ ತಾಲೀಮಿಗೆ ಕಳಿಸಿದರು. ತನಗಿಂತ ಗೇಣುದ್ದ ಎತ್ತರದ, ಎದೆ ತುಂಬಿದ ಕುದುರೆಗಳ ನಡುವೆ ಅವಳನ್ನು ಒಂದು ಸಣ್ಣ ರೇಸಿನಲ್ಲಿ ಓಡಿಸಿದರು. ಹಿಂದೆ ಬಿದ್ದಳು. ಮುಂಗಾಲಿನ ಮೂಳೆ ನೋವು ಮಾಡಿಕೊಂಡು, ಬಟ್ಟೆ ಸುತ್ತಿದ ಕಾಲಿನಲ್ಲಿ ಲಾರಿಯಿಂದ ಇಳಿದಳು. "ಇದಿನ್ನೂ ಮಗು, ಮುಂದಿನ ವರ್ಷ ಕಳಿಸಿ" ಎಂದು ತರಬೇತುದಾರ ಹೇಳಿ ಕಳಿಸಿದ್ದನಂತೆ. ಮುಂದಿನ ವರ್ಷಕ್ಕೆ ಅವಳ ಕಾಲು ವಾಸಿಯಾಗಿತ್ತು, ಮೈ ತುಂಬಿತ್ತು, ಗಾಳಿಯಂತೆ ಓಡುತ್ತಿದ್ದಳು. ಕಪ್‌ಗೆ ಅವಳ ವಯಸ್ಸು ಮೀರಿತ್ತು.

ಆ ವರ್ಷ ಕಪ್ ಗೆದ್ದವನು ಗುಂಡ.

ಅಮ್ಮಾವ್ರು ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಗೆದ್ದ ಕುದುರೆಯ ಹಗ್ಗ ಹಿಡಿದು ಮೈದಾನದಲ್ಲಿ ನಡೆಯುವಾಗ ಅಪ್ಪ ಮಗುವಿನಂತೆ ಅತ್ತನಂತೆ. ಅಷ್ಟು ವರ್ಷದ ಕನಸು, ಸಂತೋಷ ತಡೆಯಲಾಗಲಿಲ್ಲ ಎಂದು ಅಮ್ಮಾವ್ರು ಎಲ್ಲರಿಗೂ ಹೇಳಿದರು. ಮಾರನೆಯ ಬೆಳಿಗ್ಗೆ ರೈಲಿನಲ್ಲಿ ಅರಸೀಕೆರೆಗೆ ಬಂದ. ನಾನು, ಚೈತ್ರ ಅವನ ಜೊತೆ ಫಾರಮ್ಮಿಗೆ ಹೋದೆವು. ಗುಂಡನ ಕೊರಳಿಗೆ ಹಾಕಿದ್ದ ಸೇವಂತಿಗೆ ಹಾರವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಮನೆಯೊಳಗೆ ಕಾಲಿಡದೆ ನೇರ ಲಾಯಕ್ಕೆ ಹೋಗಿ ಅದನ್ನು ಅವಸರಿಯ ಕೊರಳಿಗೆ ಹಾಕಿದ. ಅವಳು ಕತ್ತು ತಿರುಗಿಸಿ ಹೂವನ್ನೆಲ್ಲ ಒಂದೊಂದಾಗಿ ಕಿತ್ತು ತಿಂದಳು. ಚೈತ್ರ ಚಪ್ಪಾಳೆ ತಟ್ಟಿ ನಕ್ಕಳು. ಅಪ್ಪ ಖಾಲಿ ದಾರವನ್ನು ಬಿಡಿಸಿ ಜೇಬಿಗೆ ಹಾಕಿಕೊಂಡ.

ಆಮೇಲೆ ಅವಸರಿ ಮರಿಗಳನ್ನು ಹೆತ್ತಳು. ಅವೆಲ್ಲ ಫೆಬ್ರವರಿ, ಮಾರ್ಚಿನಲ್ಲಿ ನಿಧಾನವಾಗಿ ಹುಟ್ಟಿದವು, ಅಪ್ಪ ಲಾಯದಲ್ಲಿ ಮತ್ತೆಂದೂ ಬಲ್ಬು ಉರಿಸಲಿಲ್ಲ. ಒಂದೂ ಹೆಸರು ಮಾಡಲಿಲ್ಲ. ಅಮ್ಮಾವ್ರು ಹೋದ ಮೇಲೆ ಫಾರಂ ಮುಚ್ಚಿತು, ಕುದುರೆಗಳನ್ನು ಹರಾಜಿನಲ್ಲಿ ಎಲ್ಲೆಲ್ಲಿಗೋ ಕೊಟ್ಟರು. ಅವಸರಿ ಪುಣೆಯ ಕಡೆ ಹೋದಳೆಂದು ಕೇಳಿದೆ. ಅಷ್ಟೇ ಗೊತ್ತು.

ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಹಳೇಬೀಡಿಗೆ ಹೋಗಬೇಕೆಂದ, ಕರೆದುಕೊಂಡು ಹೋದೆ. ಅಲ್ಲಿ ಗುಡಿಯ ಸುತ್ತ ಜಗುಲಿಯ ಮೇಲೆ ನಡೆಯುತ್ತ, ಗೋಡೆಯಲ್ಲಿ ಸಾಲಾಗಿ ಕೆತ್ತಿದ ಕುದುರೆಗಳನ್ನು, ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಬಂದಾಗಿನಂತೆಯೇ ಬೈದ. ಇದರ ಕತ್ತು ಗಿಡ್ಡ, ಅದರ ಕಾಲು ಅಡ್ಡ ಎಂದು. ನಡೆಯಲಾಗದೆ ಒಂದು ಕಡೆ ಕೂತ. "ಇವಕ್ಕೆ ಹುಟ್ಟಿದ್ ತಾರೀಕಿಲ್ಲ ನೋಡವ್ವ. ಯೋಟೊಂದು ಆರಾಮ್ವಾಗಿ ಓಡ್ತಾವೆ" ಎಂದ. ಎಷ್ಟೋ ವರ್ಷಗಳಿಂದ ನನ್ನೊಳಗಿದ್ದ ಮಾತು ಆಗ ಹೊರಗೆ ಬಂತು. ಅವಸರಿ ಹುಟ್ಟಿದ ದಿನ ಇನ್ನೊಮ್ಮೆ ಬಂದರೆ ಏನು ಹೇಳುತ್ತಿದ್ದೆ ಅಪ್ಪಾ ಎಂದು ಕೇಳಿಬಿಟ್ಟೆ. ಬೇಡವಾಗಿತ್ತು, ಆದರೂ ಕೇಳಿದೆ.

ಅಪ್ಪ ಕಲ್ಲಿನ ಕುದುರೆಯೊಂದರ ಹಣೆ ಸವರಿದ.

"ನಂಗ್ ಸುಳ್ ತಾರೀಕು ಬರ್ದ ಅಂತ ಆ ಮೇಷ್ಟ್ರಿಗೆ ಜೀವ್ಮಾನ ಎಲ್ಲಾ ಶಾಪ ಹಾಕ್ದೆ ಕಣವ್ವ" ಎಂದ. "ಅವತ್ತು ಲಾಯದಾಗೆ ನನ್ ಜಾಗ್ದಲ್ಲಿ ಆ ಮೇಷ್ಟ್ರು ಇದ್ದಿದ್ರೆ, ಅವಸರಿ ಕಪ್‌ನಾಗೆ ಓಡ್ತಿದ್ಲು."